ಹೇಣ್ತಿ ಸೀರಿ ಉಟ್ಕೊಂಡ ಎಮ್ಮಿ ಹಿಂಡಿದ ಸಂಜಿ

ದೆವ್ವ, ಗಾಳಿ, ಮೈಯಾಗ ಬರೂದು ಅಂತ ಯಾರರೆ ಸುರು ಮಾಡಿದ್ರ ನಾ ಎದ್ದ ಹೋಗಾಂವ. ಸುಳ್ಳ ಅಂತ ಮಾರಿ ಮ್ಯಾಲೆ ಅಂದೂ ಅಂದೀನಿ. ಈಗರೆ ನಂಬ್ತೀಯೇನು ಅಂದ್ರ ಅದೂ ಗೊತ್ತಿಲ್ಲ. ಆದ್ರ ಒಂದ್ ಸಂಜಿ ನನ್ನ ಕಿವೀಲೆ ಕೇಳಿದ್ದನ್ನ ಇಲ್ಲ ಅನ್ನಾಕ ಆಗವಲ್ದು. ನಾ ಏಳನೇತ್ತೆ ನಪಾಸ ಆದಾಂವ. ಚಂದ ಮಾಡಿ ಹೇಳಾಕ ಬರೂದಿಲ್ಲ. ಆದದ್ದ ಆದಂಗ ಹೇಳ್ತೀನಿ, ನಂಬೂದ ಬಿಡೂದ ನಿಮಗ ಬಿಟ್ಟದ್ದು.

ನಮ್ಮದು ಶೇಡಬಾಳ. ಕಬ್ಬಿನ ಹೊಲ, ಒಂದ್ ಎಮ್ಮಿ, ಮನ್ಯಾಗ ಅವ್ವ, ನಾನು, ನನ್ನ ಹೇಣ್ತಿ ಶೋಭಾ. ಶೋಭಾ ನಮ್ಮ ಸೋದರಮಾವನ ಮಗಳು, ಹಂಗಾಗಿ ಸಾಲಿ ಬಿಟ್ಟಾಂವಗ ಕಲ್ತಾಕಿ ಸಿಕ್ಕಳು. ಲಗ್ನಾ ಆದಮ್ಯಾಲೂ ಓದಿ ಬಿ.ಎಡ್. ಮುಗಿಸಿದ್ಲು. ಕಾಗವಾಡದಾಗ ಇಂಗ್ಲಿಷ್ ಮೀಡಿಯಂ ಸಾಲ್ಯಾಗ ಕಲಸ್ತಿದ್ಲು. ಒಂದಿನ ಊಟಕ್ಕ ಕುಂತಾಗ, "ಮಾಲ್ದೀವ್ಸದಾಗ ಒಂದ್ ಸಾಲ್ಯಾಗ ನೌಕರಿ ಆಗೇತ್ರಿ, ಎರಡ ವರ್ಷದ್ದು. ಹೋಗ್ಲ್ಯಾ?" ಅಂದ್ಲು. ಹೋಗು ಅಂದೆ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಹೊಳ್ಳಿ ಬರ್ತೀಯಿಲ್ಲೋ ಅಂತ ಕೇಳಬೇಕಿತ್ತು, ಅದನ್ನೂ ಕೇಳಲಿಲ್ಲ. ಅಲ್ಲಿಗೆ ಹೋಗಿ, ಆ ಮಂದಿ ನೋಡಿ, ಮತ್ತ ನನ್ನಂತಾಂವನ ಕಡೆ ಯಾಕ ಬರ್ತಾಳು? ಊರಾಗ ದೋಸ್ತರು, "ಲೇ, ನೀನೂ ಹೋಗಲೇ. ಆಕಿ ಸಾಲ್ಯಾಗ ಒಂದನೇತ್ತೆಗೆ ಕುಂದರು" ಅಂತ ನಗ್ತಿದ್ರು. ನಾನೂ ನಕ್ಕೆ.

ಬೆಂಗಳೂರ ಬಸ್ಸಿಗೆ ಹತ್ತಿಸಿದೆ. ಅಳು ಬರಲಿಲ್ಲ, ಏನೂ ಆಗಲಿಲ್ಲ. ಬರೂ ಮುಂದ ಎಮ್ಮಿಗೆ ಹಿಂಡಿ ತಗೊಂಡ ಬಂದೆ.

ಆ ಎಮ್ಮಿ ಶೋಭಾನ ಕೈಗೆ ಹತ್ತಿದ್ದು. ಅವ್ವಗ ಮೊಣಕಾಲ ಮಡಚೂದಿಲ್ಲ, ಕುಂದ್ರಾಕ ಆಗೂದಿಲ್ಲ. ನಾ ಕೈ ಹಚ್ಚಿದ್ರ ಒದಿತಿತ್ತು, ಹಾಲ ಬಿಡದ ಮ್ಯಾಲೆ ಏರಸ್ತಿತ್ತು. ಮರುದಿನ ಸಂಜಿತನಕ ಕೆಚ್ಚಲ ಕಲ್ಲ ಆದಂಗಾತು. ಅವ್ವ, "ಆಕಿ ಸೀರಿ ಉಟ್ಕೊಂಡ ಕುಂದರಲೇ" ಅಂದ್ಲು. ನಾ ಆಗೂದಿಲ್ಲ ಅಂದೆ. "ನಾ ಬಾಣಂತನಕ್ಕ ಹೋದಾಗ ನಿಮ್ಮಪ್ಪ ನನ್ ಸೀರಿ ಉಟ್ಟಿದ್ದ. ಮೀಸಿ ಏನ್ ಉದರಿದ್ವಾ ಅವಂದು?" ಅಂದ್ಲು.

ಶೋಭಾ ಹಿಂಡೂ ಮುಂದ ಉಡೂ ಹಳೆ ಸೀರಿ ಎಮ್ಮಿ ಕಟ್ಟೂ ಗ್ವಾದ್ಲಿ ಗೂಟಕ್ಕ ಹಂಗ ಇತ್ತು, ಒಗದಿದ್ದಿಲ್ಲ. ಲುಂಗಿ ಮ್ಯಾಲೆ ಸುತ್ತಕೊಂಡು, ತಲಿ ಮ್ಯಾಲೆ ಸೆರಗ ಹಾಕ್ಕೊಂಡ ಕುಂತೆ. ಎಮ್ಮಿ ಮೂಸಿ ನೋಡ್ತು. ಸೀದಾ ನಿಂತು ಹಾಲ ಬಿಡ್ತು.

ಇನ್ನೂ ಬೆಳಕಿತ್ತು. ಹಿಂದಿನಿಂದ ತಂಗೆವ್ವ ಆಯಿ ತಂಬಗಿ ಹಿಡಕೊಂಡ ಬಂದ್ಲು. ಬಾಜು ಮನಿ ಮುದುಕಿ, ದಿನಾ ಸಂಜಿಗೆ ಹಾಲಿಗೆ ಬರಾಕಿ, ಕಣ್ಣ ಮಂಜು. ಹಿಂದಿನ ದಿನ ಶೋಭಾನ ತಲಿ ಮ್ಯಾಲೆ ಕೈ ಇಟ್ಟ ಕಳಿಸಿದ್ದೂ ಆಕಿನ. ನನಗ ನಾಚಿಕಿ ಬಂತು. ಮಾತಾಡೂಣಂದ್ರ ಗಂಡಸಿನ ದನಿ ಕೇಳಿ ಎಮ್ಮಿ ಮತ್ತ ಹಾಲ ಏರಿಸ್ತೈತಿ. ಸುಮ್ಮನ ಹಿಂಡಾಕತ್ತೆ.

"ಶೋಭಾ, ಇನ್ನೂ ಅಲ್ಲಿಗೆ ಮುಟ್ಟಿಲ್ಲೇನವಾ?" ಅಂದ್ಲು ಆಯಿ. ಸೀರಿ ನೋಡಿ ತಪ್ಪ ತಿಳದಾಳ ಅನ್ಕೊಂಡೆ. ಆಯಿ ಸ್ವಲ್ಪ ತಡದು, "ಯಾಕ ಅಳ್ತೀ? ನೀರ ಒಳಗ ಬಂತಾ?" ಅಂದ್ಲು. ಮತ್ತ ಸುಮ್ಮಾದ್ಲು, ಫೋನಿನ್ಯಾಗ ಆ ಕಡೆ ಮಂದಿ ಮಾತು ಕೇಳಾಕತ್ತಂಗ. "ಅಂಜಬ್ಯಾಡ. ಆ ನೀಲಿ ಹಗ್ಗ ಐತೆಲ್ಲ, ಅದನ್ನ ಗಟ್ಟಿ ಹಿಡಕೊಂಡ ಕುಂದರು. ಹಾಂ, ಹಂಗ." ನಮ್ಮ ಗ್ವಾದ್ಲ್ಯಾಗ ನೀಲಿ ಹಗ್ಗ ಇಲ್ಲ. ಎಮ್ಮಿ ಹಗ್ಗ ಹಳದಿ.

ಆಮ್ಯಾಲೆ ದನಿ ಸಣ್ಣ ಮಾಡಿ, "ಒಂದ್ ಕೇಳ್ತೀನಿ, ಖರೇ ಹೇಳು. ಹೊಳ್ಳಿ ಬರ್ತೀಯಿಲ್ಲ?" ಅಂದ್ಲು.

ನನ್ನ ಕೈ ನಿಂತ್ವು. ಆಯಿ ಭಾಳೊತ್ತ ಕೇಳ್ಕೊಂತ ನಿಂತ್ಲು. ನನಗ ಎಮ್ಮಿ ಮೆಲಕ ಹಾಕೂದ ಬಿಟ್ರ ಏನೂ ಕೇಳಲಿಲ್ಲ. "ಆತ ಬಿಡವಾ" ಅಂದು ಖಾಲಿ ತಂಬಗಿ ಹಿಡಕೊಂಡ ಹೋದ್ಲು. ಹಾಲ ಮರತ ಬಿಟ್ಲು.

ಶೋಭಾಂದು ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. ಮುಟ್ಟೀನ್ರಿ ಅಂದ್ಲು. ವಿಮಾನ ಇಳದು ಅವರ ನಡುಗಡ್ಡಿಗೆ ಬೋಟಿನ್ಯಾಗ ಹೋಗೂ ಮುಂದ ಸಂಜಿಗೆ ಇಂಜಿನ್ ಬಂದ್ ಬಿತ್ತಂತ, ತೆರಿ ನೀರ ಒಳಗ ಬಂತಂತ. "ಎಲ್ಲಾರೂ ಅವರ ಮಾತಿನ್ಯಾಗ ಒದರಾಕತ್ತಿದ್ರು, ಏನೂ ತಿಳಿವಲ್ದು. ಕಡೀಕ ಬಾಜೂಕ ನೀಲಿ ಹಗ್ಗ ಇತ್ರಿ, ಅದನ್ನ ಹಿಡಕೊಂಡ ಕುಂತೆ" ಅಂದ್ಲು. ಹೂಂ ಅಂದೆ. ಆಯಿ ವಿಷಯ ಹೇಳಲಿಲ್ಲ. ಈಗೂ ಹೇಳಿಲ್ಲ.

ಮರುದಿನ ಮುಂಜಾನೆ ಆಯಿ ಮನಿಗೆ ಹೋದೆ. ನಿನ್ನಿ ಯಾರ ಕೂಡ ಮಾತಾಡಿದಿ ಅಂತ ಕೇಳಿದೆ.

"ನಿನ್ ಹೇಣ್ತಿ ಕೂಡ. ಯಾಕ?"

"ಆಯಿ, ಅಲ್ಲಿ ನಾ ಕುಂತಿದ್ದೆ."

"ನೀ ಕುಂತಿದ್ದು ನನಗೂ ಗೊತ್ತೈತಿ. ಅಷ್ಟ ಕಣ್ಣ ಹೋಗಿಲ್ಲ. ಸೀರಿ ಉಡಾಕೂ ಬರೂದಿಲ್ಲ ನಿನಗ."

ನಾ ಕೇಳಿದೆ, "ಹೊಳ್ಳಿ ಬರ್ತೀಯಿಲ್ಲ ಅಂದಿಯಲ್ಲ. ಆಕಿ ಏನಂದ್ಲು?"

"ಅದನ್ನ ನೀ ಆಕಿನ್ನ ಕೇಳಪಾ. ಗಂಡಾ ಹೇಣ್ತಿ ನಡಕ ನನಗೇನ್ ಕೆಲಸ?" ಅಂದು ಜ್ವಾಳ ಹಸನ ಮಾಡಾಕ ಕುಂತ್ಲು. ಎಷ್ಟ ಸಲ ಕೇಳಿದ್ರೂ ಅದನ್ನ ಅಂದ್ಲು. ಹ್ವಾದ ಬ್ಯಾಸಗ್ಯಾಗ ಆಯಿ ಸತ್ತಳು.

ಮುದುಕಿ ಮುಪ್ಪಿನ್ಯಾಗ ಏನರೆ ಬಡಬಡಿಸಿರಬೇಕು ಅನ್ಕೊಂಡ ನೋಡೀನಿ. ನೀಲಿ ಹಗ್ಗದ ಹತ್ರ ಬಂದ ನಿಲ್ತೈತಿ.

ಎರಡ ವರ್ಷ ಮುಗದ್ವು. ಮೊನ್ನೆ ಶೋಭಾ ಫೋನ್ ಹಚ್ಚಿ, "ಇನ್ನೊಂದ ವರ್ಷ ಸಹಿ ಮಾಡೀನ್ರಿ" ಅಂದ್ಲು. ಹೂಂ ಅಂದೆ. ಕೇಳೂದು ಬಾಯಿತನಕ ಬಂದಿತ್ತು. ಎಮ್ಮಿ ಹೆಂಗೈತಿ ಅಂದ್ಲು. ಛಲೋ ಐತಿ ಅಂದೆ.

ಎಮ್ಮಿ ಈಗ ನನ್ನ ಕೈಗೆ ಹತ್ತೇತಿ. ಸೀರಿ ಬೇಕಾಗಿಲ್ಲ. ಆದ್ರೂ ಸಂಜಿ ಆತಂದ್ರ ನಾ ಅದನ್ನ ಸುತ್ತಕೊಂಡ ಕಿವಿ ಕೊಟ್ಟ ಕುಂದರ್ತೀನಿ. ಅವ್ವ ಯಾಕ ಅಂತ ಕೇಳೂದಿಲ್ಲ. ಹಿಂಡೂದ ಮುಗಿಯೂತನಕ ನಾ ಯಾರ ಕೂಡಾನೂ ಮಾತಾಡೂದಿಲ್ಲ.