ಎದುರು ಜಗಲಿಯ ಹೆಂಗಸರು

ನಾನು ಮದುವೆಯಾಗಿ ಸಂತೇಬೆನ್ನೂರಿಗೆ ಬಂದಾಗ ಸರಾಯಿ ಅಂಗಡಿ ಊರಾಚೆ, ಚನ್ನಗಿರಿ ದಾರಿಯಲ್ಲಿತ್ತು. ನಮ್ಮ ಪಕ್ಕದ ಮನೆಯ ಬಡಗಿ ಸಂತೆಯ ದಿನ ಮಾತ್ರ ಅಲ್ಲಿಗೆ ಹೋಗಿ, ನಡೆದು ದಣಿದು ಬಂದು ಮಲಗಿಬಿಡುತ್ತಿದ್ದ. ಉಳಿದ ದಿನ ಹೆಂಡತಿಯೊಡನೆ ನಗುತ್ತ ಗಾಡಿಯ ಗಾಲಿ ಕಟ್ಟುವನು. ಹೊಸದಾಗಿ ಬಂದ ನನಗೊಂದು ಮಣೆ ಮಾಡಿಕೊಟ್ಟು, ಅಣ್ಣ ಕೊಟ್ಟದ್ದು ಅಂದುಕೋ ಎಂದಿದ್ದ.

ಯುದ್ಧದ ಕಾಲದಲ್ಲಿ ಹೊಸ ಗುತ್ತಿಗೆದಾರ ಬಂದು ಅಂಗಡಿಯನ್ನು ನಮ್ಮ ಬೀದಿಗೇ ತಂದ. ಬಡಗಿ ಮೊದಲು ಸಂಜೆ ಹೋದ, ಆಮೇಲೆ ಮಧ್ಯಾಹ್ನವೂ ಹೋಗತೊಡಗಿದ. ಒಂದು ದಿನ ಗೋಡೆಯಾಚೆ ಅವನ ಹೆಂಡತಿ ಕಿರುಚಿದ್ದು ಕೇಳಿ, ರೊಟ್ಟಿ ತಟ್ಟುತ್ತಿದ್ದ ನನ್ನ ಅತ್ತೆ ಹಿಟ್ಟಿನ ಕೈಯಲ್ಲೇ ಹೋಗಿ ಅವಳನ್ನು ಕರೆತಂದರು. ತುಟಿ ಒಡೆದಿತ್ತು, ಬಲ ಮಣಿಕಟ್ಟು ಊದಿತ್ತು. ಜಾರಿ ಬಿದ್ದೆ ಅಂದಳು. ಅತ್ತೆ ಏನೂ ಕೇಳದೆ ಅರಿಸಿನ ಹಚ್ಚಿ, ತಾವೇ ತುತ್ತು ಮಾಡಿ ಉಣ್ಣಿಸಿದರು. ಆಗ ಅವಳು ಅತ್ತಳು.

ಮರುದಿನ ಬಡಗಿ ತಲೆ ತಗ್ಗಿಸಿ ಬಾಗಿಲಲ್ಲಿ ನಿಂತು, ಎಲ್ಲ ಸರಾಯಿ ಮಾಡಿದ್ದು ಅಂದ.

"ಹೊಡೆದಿದ್ದು ನಿನ್ನ ಕೈ ಕಣಪ್ಪ," ಅಂದರು ಅತ್ತೆ. "ನಿನ್ನ ಕಂಡ್ರೆ ನಂಗೆ ಮಗನಷ್ಟೇ ಅಕ್ಕರೆ ಐತೆ. ಆದ್ರೆ ಇವಳು ಬರೋದು ಬಿಡೋದು ಇವಳಿಷ್ಟ. ಕರ್ಕಂಡು ಹೋಗಾಕೆ ನೀನು ಬರಬ್ಯಾಡ."

ಅವನು ಹೋದ ಮೇಲೆ, ಆ ಅಂಗಡಿ ದೂರ ಇದ್ದಾಗ ಇವನ ಕೈ ಸುಮ್ಮನಿತ್ತಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಅಂದು ಸಂಜೆ ಬೀದಿಯ ಹಿರಿಯ ಹೆಂಗಸರನ್ನು ಕೂಡಿಸಿಕೊಂಡು, ಮೊರದಲ್ಲಿ ಕಾಳು ಹಿಡಿದು ಅಂಗಡಿಯ ಎದುರಿನ ಜಗಲಿಯಲ್ಲಿ ಕೂತರು. ನಾನೂ ಸೆರಗು ಬಿಗಿದುಕೊಂಡು ಕೂತೆ. ಯಾರೂ ಜಗಳ ಆಡಲಿಲ್ಲ. ಬಂದವರನ್ನೆಲ್ಲ ಅತ್ತೆ ಪ್ರೀತಿಯಿಂದ ಮಾತಾಡಿಸಿದರು. ತಾಯಿಗೆ ಮಂಡಿನೋವು ಹೆಂಗೈತೆ, ಹೆಂಡತಿಗೆ ಎಷ್ಟು ತಿಂಗಳು ಎಂದು ವಿಚಾರಿಸಿದರು. ಅಷ್ಟು ವಿಚಾರಿಸಿಕೊಂಡ ಮೇಲೆ ಒಳಗೆ ಹೋಗಲು ಯಾರಿಗೂ ಮುಖವಿರಲಿಲ್ಲ. ಕೆಲವರು ಮನೆಯ ಕಡೆಗೇ ತಿರುಗಿದರು.

ದಿನಾ ಹೀಗೇ ನಡೆಯಿತು. ಗುತ್ತಿಗೆದಾರ ಬೇಡಿಕೊಂಡ, ಗದರಿದ. ಕಾಳು ಆರಿಸಲು ಇಲ್ಲಿ ಬೆಳಕು ಚೆನ್ನಾಗಿದೆ ಅಂದರು ಅತ್ತೆ. ಎರಡು ತಿಂಗಳಾಗುವ ಹೊತ್ತಿಗೆ ಅಂಗಡಿ ಮತ್ತೆ ಊರಾಚೆ ಹೋಯಿತು.

ಅಷ್ಟು ದಿನವೂ ನಮ್ಮಲ್ಲೇ ಇದ್ದ ಅವಳು ಆಮೇಲೆ ತಾನೇ ಎದ್ದು ಗಂಡನ ಮನೆಗೆ ಹೋದಳು. ಬಡಗಿ ಪೂರ್ತಿ ಕುಡಿತ ಬಿಡಲಿಲ್ಲ. ಮುಂದೆ ಎರಡು ಸಲ ಅವಳು ಕಣ್ಣೊರೆಸಿಕೊಳ್ಳುತ್ತ ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಎರಡು ಸಲವೂ ಅತ್ತೆ ನನ್ನತ್ತ ತಿರುಗಿ, "ಇನ್ನೊಂದು ತಟ್ಟೆ ಹಾಕವ್ವ" ಅಂದರು.