ಕಾಲುವೆ ದಂಡೆಯಲ್ಲಿ ನಿಲ್ಲುತ್ತಿದ್ದ ಆಟೊ

ಶ್ರೀರಾಮನಗರದ ಮಕ್ಕಳನ್ನು ಗಂಗಾವತಿಯ ಶಾಲೆಗೆ ಬಿಡುತ್ತಿದ್ದ ಆಟೊದವರು ದಾರಿಯಲ್ಲಿ ಕಾಲುವೆ ದಂಡೆಗೆ ಗಾಡಿ ನಿಲ್ಲಿಸುತ್ತಿದ್ದರು. ಮಕ್ಕಳು ಉಳಿದ ಹೋಂವರ್ಕನ್ನು ಅಲ್ಲಿ ಬರೆದುಕೊಳ್ಳುತ್ತಿದ್ದರು. "ಸಾವಕಾಶ ಬರ್ಕೊಳ್ರಿ, ಸಾಲಿ ಎಲ್ಲಿಗೂ ಓಡಿಹೋಗಂಗಿಲ್ಲ," ಎನ್ನುತ್ತ ಅವರು ಬಿಸಿಲಿಗೆ ಪರದೆ ಇಳಿಸುತ್ತಿದ್ದರು. ಕೆಲಸಕ್ಕೆಂದು ನಾನೂ ಅದೇ ಆಟೊದಲ್ಲಿ ಹೋಗುತ್ತಿದ್ದೆ.

ಒಂದು ದಿನ ಬರೆಯುವುದು ಬಹಳವಿತ್ತು. ಶಾಲೆ ಮುಟ್ಟುವಷ್ಟರಲ್ಲಿ ಗೇಟು ಮುಚ್ಚಿತ್ತು, ಒಳಗೆ ಮಕ್ಕಳ ಟೀಚರ್ ನಿಂತಿದ್ದರು. "ತಪ್ಪು ನಂದ್ರಿ ಮೇಡಂ, ಹುಡುಗರದಲ್ಲ," ಎಂದು ಆಟೊದವರು ಕೈಮುಗಿದರು. ಅವರತ್ತ ಮೇಡಂ ನೋಡಲಿಲ್ಲ. ತಡವಾಗಿ ಬಂದದ್ದಕ್ಕೆ ಇಡೀ ಪಾಠವನ್ನು ಎರಡು ಸಲ ಬರೆದು ತರಬೇಕೆಂದು ಮಕ್ಕಳಿಗೆ ಹೇಳಿದರು.

ಮರುದಿನವೂ ಆಟೊದವರು ಕಾಲುವೆ ಹತ್ತಿರ ಬ್ರೇಕ್ ಹಾಕಿದರು. ಮೂರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ನಿಲ್ಲಸಬ್ಯಾಡ್ರಿ ಕಾಕಾ. ನೀವು ನಿಲ್ಲಿಸಿದ್ರ ನಮಗ ಬರಿಯೋದು ಇನ್ನೂ ಹೆಚ್ಚಾಗತೈತಿ."

"ಆತವಾ," ಎಂದು ಅವರು ಗಾಡಿ ಮುಂದಕ್ಕೆ ಬಿಟ್ಟರು.