ಚದರಡಿಯಪ್ಪನ ಅಡುಗೆಮನೆ

ಚದರಡಿಯಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಟೈಲ್ಸ್ ಅಂಗಡಿಯ ಕಡೆಯಿಂದ ಮನೆಮನೆಗೆ ಹೋಗಿ, ಕೋಣೆಯ ನೆಲ ಅಳೆದು, ಟೈಲ್ಸ್ ಎಷ್ಟು, ಸಿಮೆಂಟ್ ಎಷ್ಟು, ಒಟ್ಟು ಖರ್ಚೆಷ್ಟು ಅಂತ ಬರೆದುಕೊಡುವುದು ಅವನ ಕೆಲಸ. ಪಾಪ, ಒಳ್ಳೆಯವನೇ. ಕಿವಿಯ ಮೇಲೊಂದು ಪೆನ್ಸಿಲ್, ಜೇಬಲ್ಲೊಂದು ಟೇಪು. ಸಾವಿನ ಮನೆಗೆ ಹೋದಾಗಲೂ "ಈ ನಡುಮನೆ ನೂರೆಂಬತ್ತು ಚದರಡಿ ಬರುತ್ತಲ್ವಾ?" ಅಂತ ಕೇಳಿ, ಅಳುತ್ತಿದ್ದ ಅತ್ತಿಗೆಯ ಕೈಲೇ ಬೈಸಿಕೊಂಡವನು. ಆ ಅತ್ತಿಗೆಯ ಬಾಯೋ, ಕೇಳಲೇಬೇಡಿ. ಅದಿರಲಿ.

ಗಿರಾಕಿಗಳಿಗೆ ಅವನದು ಒಂದೇ ಉಪದೇಶ. "ಉದ್ದಕ್ಕೆ ಅಗಲ ಗುಣಿಸಿ, ಮೇಲೆ ನೂರಕ್ಕೆ ಹತ್ತು ಸೇರಿಸಿ ಸಾರ್. ಕೊಯ್ಯುವಾಗ ಒಡೆಯುತ್ತೆ. ಆಮೇಲೆ ತಲೆಕೆಳಗಾಗಿ ನಿಂತ್ರೂ ಅದೇ ಬಣ್ಣ ಸಿಗಲ್ಲ."

ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವನದೇ ಅಡುಗೆಮನೆಯ ನೆಲ ಹೇಗಿತ್ತೆಂದರೆ, ಬಿರುಕು ಬಿಡುವುದರಲ್ಲಿ ನೆಲಕ್ಕೂ ಹೆಂಡತಿಯ ಹಿಮ್ಮಡಿಗೂ ಪೈಪೋಟಿ. ಇಪ್ಪತ್ತೆರಡು ವರ್ಷ ಕಾದವಳು ಕೊನೆಗೊಂದು ದಿನ ಸೌಟು ಕೆಳಗಿಟ್ಟಳು.

"ರೀ, ನೀವು ಹಾಕಿಸ್ತೀರೋ, ಎದುರು ಅಂಗಡಿಯವನನ್ನ ಅಳತೆಗೆ ಕರೀಲೋ?"

ಎದುರು ಅಂಗಡಿಯವನು ತನ್ನ ಮನೆ ಅಳೆಯುವುದೆಂದರೆ! ಚದರಡಿಯಪ್ಪ ಅವತ್ತೇ ಟೇಪು ಬಿಚ್ಚಿದ. ಹತ್ತಡಿಗೆ ಹನ್ನೆರಡಡಿ, ನೂರಿಪ್ಪತ್ತು ಚದರಡಿ. ಎರಡಡಿ ಚೌಕದ ಟೈಲ್ಸ್ ಮೂವತ್ತು ಬೇಕು. ಅಷ್ಟು ಬರೆದವನೇ ಪೆನ್ಸಿಲ್ ಕಚ್ಚಿಕೊಂಡ. ಈ ಸಲ ದುಡ್ಡು ತನ್ನದಲ್ಲವೇ? ಒಲೆ ಕಟ್ಟೆಯ ಕೆಳಗೆ ಯಾರು ಬಗ್ಗಿ ನೋಡುತ್ತಾರೆ? ಐದು ಕಳೆದ. ಫ್ರಿಜ್ಜಿನಡಿ ಒಂದು, ಬೀರುವಿನಡಿ ಒಂದು. ಉಳಿದದ್ದು ಇಪ್ಪತ್ಮೂರು. ನೂರಕ್ಕೆ ಹತ್ತರ ಮಾತು ಗಿರಾಕಿಗಳಿಗೆ ಸರಿ, ಮನೆಯವರಿಗೆ ಯಾಕೆ? ಮೇಸ್ತ್ರಿಗೆ ಎಲ್ಲ ಹೇಳಿ, ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋದ.

ಸಂಜೆ ಬಂದು ನೋಡಿದರೆ, ಬಾಗಿಲಲ್ಲೇ ಎಂಟು ಚೌಕ ಬೋಳು ಸಿಮೆಂಟು. ಕಟ್ಟೆಯ ಕೆಳಗೆ ಮಾತ್ರ ಟೈಲ್ಸ್ ಕನ್ನಡಿಯ ಹಾಗೆ ಹೊಳೆಯುತ್ತಿದೆ!

"ಏನಯ್ಯಾ ಮೇಸ್ತ್ರಿ ಇದು? ಅಲ್ಲಿ ಬೇಡ ಅಂದಿರ್ಲಿಲ್ವಾ?"

ಮೇಸ್ತ್ರಿ ಕೈ ತೊಳೆಯುತ್ತಾ ಒಳಗಿನ ಕಡೆ ಕಣ್ಸನ್ನೆ ಮಾಡಿದ. "ನಾನೂ ಅದನ್ನೇ ಅಂದೆ ಅಣ್ಣಾ. ಅಕ್ಕ ಪೊರಕೆ ಹಿಡ್ಕೊಂಡು ಬಂದ್ರು. ಒಂದು ಟೈಲ್ಸ್ ಬೇರೆ ಒಡೀತು."

"ಕಾಣದ ಜಾಗಕ್ಕೆ ಯಾಕೆ ಹಾಕಿಸ್ದೆ ಕಣೇ?"

"ಯಾರಿಗ್ರೀ ಕಾಣದ ಜಾಗ? ಜಿರಲೆ ಇರೋದು ಅಲ್ಲಿ, ಎಣ್ಣೆ ಚೆಲ್ಲೋದು ಅಲ್ಲಿ. ದಿನಾ ಬಗ್ಗಿ ಒರೆಸೋಳು ನಾನು. ನಿಮಗೆ ಕಾಣೋ ಜಾಗ ಉಳಿಸಿದ್ದೀನಿ, ಬೇಕಾದ್ರೆ ತಂದು ಹಾಕಿಸಿ."

ಚದರಡಿಯಪ್ಪ ಬಂದ ಕಾಲಲ್ಲೇ ಅಂಗಡಿಗೆ ಓಡಿದ. ಆ ಬಣ್ಣ ಮುಗಿದಿತ್ತು. ಗಿರಾಕಿಗಳಿಗೆ ತಾನು ಹೇಳುವ ಮಾತನ್ನೇ ಮಾಲೀಕ ಅವನಿಗೆ ಪೂರ್ತಿ ಒಪ್ಪಿಸಿದ, ತಲೆಕೆಳಗಾಗಿ ನಿಲ್ಲುವುದೂ ಸೇರಿ. ಎರಡು ದಿನ ಮನೆಗೆ ಬಂದವರೆಲ್ಲ ಆ ಬೋಳನ್ನು ನೋಡಿಕೊಂಡೇ ಹೋದರು. ಪಕ್ಕದ ಮನೆಯ ಟೀಚರಮ್ಮನಂತೂ, ತಮ್ಮ ಮಹಡಿಯ ಕೋಣೆ ಅಳೆಸಲು ಬಂದವರು, ನೆಲವನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಆಮೇಲೆ ಹೇಳ್ತೀನಿ" ಅಂತ ಹೊರಟೇಹೋದರು. ಅವತ್ತು ಸಂಜೆ ಅವನು ಮತ್ತೆ ಅಂಗಡಿಗೆ ಫೋನ್ ಮಾಡಿ ವಿಚಾರಿಸಿದ.

"ಬೂದು ಬಣ್ಣದ್ದು ಎಂಟು ಉಳಿದಿದೆಯಂತೆ," ಅಂದ ಮೆತ್ತಗೆ. "ಆದ್ರೆ ಇದಕ್ಕೆ ಹೊಂದಲ್ಲ ಕಣೇ."

ಹೆಂಡತಿ ಹೊಸ ನೆಲದ ಮೇಲೆ ಬರಿಗಾಲು ಚಾಚಿ ಕೂತಿದ್ದಳು. "ನಾವಿಬ್ರು ಹೊಂದಿದ್ದೀವಾ? ಸಂಸಾರ ನಡೀಲಿಲ್ವಾ? ಹೋಗಿ ತನ್ನಿ, ಅಂಗಡಿ ಬಾಗಿಲು ಹಾಕ್ತಾರೆ."

ಚದರಡಿಯಪ್ಪ ಚಪ್ಪಲಿ ಮೆಟ್ಟಿ ಹೊರಟ.